ಸಮುದ್ರಕ್ಕೆ ಉಪ್ಪು ಕಟ್ಟಿಕೊಂಡು ಹೋದ ನಮ್ಮತ್ತೆ

ಮೊದಲೇ ಕ್ಷಮಿಸಿ ಎಂದು ಕೇಳಿಬಿಡುತ್ತೇನೆ. ನನಗೆ ಬರೆದು ಅಭ್ಯಾಸವಿಲ್ಲ. ಮಲೆನಾಡಿನ ಆಲ್ದೂರಿನಲ್ಲಿ ಪೈಪು, ಪಂಪು, ಸ್ಪ್ರಿಂಕ್ಲರ್ ಸಾಮಾನಿನ ಅಂಗಡಿ ಇಟ್ಟುಕೊಂಡವನು ನಾನು. ಇಷ್ಟು ವರ್ಷ ಬರೆದಿದ್ದೆಲ್ಲ ಬರೀ ಬಿಲ್ಲು. ಅದನ್ನು ಓದಿ ಯಾರೂ ನಕ್ಕಿಲ್ಲ. ಒಬ್ಬಿಬ್ಬರು ನಕ್ಕಿದ್ದಾರೆ, ಆದರೆ ಅದು ಬೇರೆ ಥರದ ನಗು.

ಈ ಪ್ರಸಂಗಗಳನ್ನು ಅಂಗಡಿಯಲ್ಲಿ ಬಾಯಲ್ಲಿ ಹೇಳಿದಾಗ ಜನ ನಗುತ್ತಾರೆ. ಬರೆದರೆ ನಗುತ್ತಾರೋ ಇಲ್ಲವೋ ಎಂಬ ಹೆದರಿಕೆಯಿಂದ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳುತ್ತಿದ್ದೇನೆ. ಗೊತ್ತಿದ್ದವರು ದಾಟಿಕೊಂಡು ಮುಂದೆ ಹೋಗಬಹುದು.

ನಮ್ಮತ್ತೆ ಎಂದರೆ ನನ್ನ ಹೆಂಡತಿಯ ತಾಯಿ. ಅಪ್ಪನ ತಂಗಿಗೂ ಅತ್ತೆ ಎನ್ನುತ್ತೇವಲ್ಲ, ಅದಕ್ಕೆ ಹೇಳಿದೆ. ವಸ್ತಾರೆ ಹತ್ತಿರ ಅವರದೊಂದು ಚಿಕ್ಕ ಕಾಫಿ ತೋಟವಿದೆ. ಅರವತ್ತು ದಾಟಿದೆ. ಅವರಿದ್ದ ಕಡೆ ಇಂಥವು ಆಗುತ್ತಲೇ ಇರುತ್ತವೆ. ಯಾರೂ ಮಾಡುವುದಿಲ್ಲ, ತಾವಾಗಿಯೇ ಆಗುತ್ತವೆ.

೧. ಹುಲಿ ನೋಡಿದ ಹಾಗೆ

ಅತ್ತೆಗೆ ಊಟವಾದ ಮೇಲೆ ಫೋನಿನಲ್ಲಿ ಸಮುದ್ರದೊಳಗಿನ ವಿಡಿಯೋ ನೋಡುವ ಚಟ ಹತ್ತಿತ್ತು. ಮೀನುಗಳಿಗಿಂತ ಹೆಚ್ಚಾಗಿ ಅವರು ನೋಡುತ್ತಿದ್ದದ್ದು ಹವಳದ ದಿಬ್ಬಗಳನ್ನು. ಹವಳದ ದಿಬ್ಬ ಎಂದರೆ ಕಲ್ಲಲ್ಲ, ಗಿಡವೂ ಅಲ್ಲ. ಸಾಸಿವೆಕಾಳಿನಷ್ಟು ಚಿಕ್ಕ ಜೀವಗಳು ಒಂದಕ್ಕೊಂದು ಅಂಟಿಕೊಂಡು ಕಟ್ಟಿಕೊಂಡ ಕೇರಿ. ನೇರಳೆ, ಕಿತ್ತಳೆ, ಅರಿಶಿನ, ಎಲ್ಲ ಬಣ್ಣವೂ ಇರುತ್ತದೆ. ಅತ್ತೆಗೆ ಅನುಮಾನವಿದ್ದದ್ದೂ ಆ ಬಣ್ಣದ ಮೇಲೆಯೇ.

"ಇದಕ್ಕೆಲ್ಲ ಬಣ್ಣ ಹಾಕಿರ್ತಾರೆ ಕಣೆ. ಎತ್ತಿನ ಕೊಂಬಿಗೆ ಹಾಕಲ್ವಾ, ಹಾಗೆ."

"ನೀರೊಳಗೆ ಯಾರಮ್ಮ ಬ್ರಷ್ ಹಿಡ್ಕೊಂಡು ಹೋಗ್ತಾರೆ?" ಎಂದಳು ನನ್ನ ಹೆಂಡತಿ.

"ಹಾಗಾದ್ರೆ ನಾನೇ ಒಂದ್ಸಲ ನೋಡ್ಬೇಕು."

ಮಾರನೇ ದಿನ ಅತ್ತೆ ಅಂಗಡಿಗೆ ಫೋನ್ ಮಾಡಿದರು. ಕಾಫಿ ಹೂ ಬಿಡಲೆಂದು ಸ್ಪ್ರಿಂಕ್ಲರಿನಲ್ಲಿ ನೀರು ಹಾರಿಸುವ ಕಾಲ ಹತ್ತಿರ ಬಂದಿದ್ದರಿಂದ ಅಂಗಡಿ ತುಂಬ ಗಿರಾಕಿಗಳು. ನಾನು ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಒತ್ತಿಕೊಂಡು, ಒಬ್ಬರಿಗೆ ನಾಝಲ್ ಹುಡುಕಿಕೊಡುತ್ತಾ, "ಆಯ್ತು ಅತ್ತೆ, ಮಾಡೋಣ ಅತ್ತೆ" ಅಂದೆ. ಏನು ಮಾಡೋಣ ಎಂದು ಕೇಳಿಸಿಕೊಂಡಿರಲಿಲ್ಲ. ಸಂಜೆ ಹೊತ್ತಿಗೆ, ಅಳಿಯಂದಿರು ಅತ್ತೆಯನ್ನು ಅಂಡಮಾನಿಗೆ ಕರೆದುಕೊಂಡು ಹೋಗಿ ನೀರಿನೊಳಗೆ ಹವಳ ತೋರಿಸುತ್ತಾರಂತೆ ಎಂದು ವಸ್ತಾರೆಯಿಂದ ಆಲ್ದೂರಿನವರೆಗೆ ಸುದ್ದಿಯಾಗಿತ್ತು. ಹೇಮಾವತಿ ಹೊಳೆಯಲ್ಲಿ ಮೊಣಕಾಲಿಗಿಂತ ಮೇಲೆ ನೆನೆಯದವನು ನಾನು.

"ಬಣ್ಣ ನಿಜವೋ ಸುಳ್ಳೋ, ಕಣ್ಣಾರೆ ನೋಡ್ಕೊಂಡು ಬಂದು ಹೇಳ್ತೀನಿ" ಎಂದು ಅತ್ತೆ ಸಿಕ್ಕವರಿಗೆಲ್ಲ ಮಾತು ಕೊಟ್ಟಿದ್ದರು. ಇನ್ನು ನೋಡದೆ ಬಂದರೆ ಊರಲ್ಲಿ ಅವರಿಗೆ ತಲೆ ಎತ್ತಲಾಗುವುದಿಲ್ಲ, ಮನೆಯಲ್ಲಿ ನನಗೆ.

ನಾವು ಮೀನು ಮಾಂಸ ತಿನ್ನುವವರಲ್ಲ. ಹಾಗಾಗಿ ಪಕ್ಕದ ಮನೆಯ ಅಕ್ಕ ಬೇಲಿಯ ಆಚೆಯಿಂದಲೇ ಮೆಲ್ಲಗೆ ಕೇಳಿದರು: "ಅಲ್ಲ, ಮೀನು ನೋಡೋಕೆ ಅಷ್ಟು ದೂರ ಹೋಗ್ತಿದ್ದೀರಲ್ಲ, ತಿನ್ನೋಕೇನಾದ್ರೂ ಶುರು ಮಾಡಿದ್ರಾ?"

ಅತ್ತೆ ಅಂದರು: "ಜನ ಹುಲಿ ನೋಡೋಕೆ ಕಾಡಿಗೆ ಹೋಗ್ತಾರಲ್ಲ, ಅವರೆಲ್ಲ ಹುಲಿ ತಿಂತಾರೇನೇ?"

೨. ಎದೆ ಎಷ್ಟು ಎಚ್‌ಪಿ

ಹೋಗುವ ಮೊದಲು ಅಭ್ಯಾಸವಾಗಲಿ ಎಂದು ನಾನು ಒಂದು ಜೊತೆ ಸಾಮಾನು ತರಿಸಿದೆ. ಮೂಗನ್ನೂ ಮುಚ್ಚುವ ದೊಡ್ಡ ಗಾಜಿನ ಕನ್ನಡಕ ಒಂದು, ಬಾಯಲ್ಲಿ ಕಚ್ಚಿಕೊಳ್ಳುವ ಬಾಗಿದ ಪೈಪು ಒಂದು. ಮುಖ ನೀರಿನಲ್ಲಿ, ಪೈಪಿನ ತುದಿ ಗಾಳಿಯಲ್ಲಿ. ಹೀಗೆ ಬೋರಲು ತೇಲುತ್ತಾ ಕೆಳಗೆ ನೋಡುವುದಕ್ಕೆ ಸ್ನಾರ್ಕ್ಲಿಂಗ್ ಎನ್ನುತ್ತಾರೆ.

ತೇಲುವುದಕ್ಕೆ ನೀರು ಬೇಕಲ್ಲ? ಅತ್ತೆಯ ಮನೆಯ ಹಿಂದೆ ಕಾಫಿ ತೊಳೆಯುವ ಸಿಮೆಂಟಿನ ತೊಟ್ಟಿಯಿದೆ. ಪಲ್ಪರಿನಲ್ಲಿ ಹಣ್ಣಿನ ಸಿಪ್ಪೆ ಬಿಡಿಸಿದ ಮೇಲೆ ಬೀಜದ ಲೋಳೆ ತೊಳೆಯುವುದು ಅದರಲ್ಲೇ. ಕೊಯ್ಲು ಮುಗಿದಿದ್ದರಿಂದ ಖಾಲಿ ಇತ್ತು. ಅದಕ್ಕೇ ನೀರು ತುಂಬಿಸಿದೆವು.

ಪೈಪು ನೋಡಿದ ಕೂಡಲೇ ನನ್ನೊಳಗಿನ ವ್ಯಾಪಾರಿ ಎಚ್ಚರಾದ. ಇಷ್ಟು ಗಿಡ್ಡ ಪೈಪು ಯಾಕೆ? ಇನ್ನೂ ಮೂರಡಿ ಜೋಡಿಸಿದರೆ ಅಷ್ಟೂ ಆಳಕ್ಕೆ ಹೋಗಬಹುದಲ್ಲ, ಇಷ್ಟು ಸುಲಭದ ವಿಷಯ ಆ ಕಂಪನಿಯವರಿಗೆ ಹೊಳೆದಿಲ್ಲವಲ್ಲ ಎನಿಸಿತು. ಅಂಗಡಿಯಿಂದ ಹೊಂದುವ ಪೈಪು ತಂದು, ಸೇರಿಸಿ, ಟೇಪು ಸುತ್ತಿ, ಬಾಯಲ್ಲಿಟ್ಟುಕೊಂಡು ತೊಟ್ಟಿಯ ತಳದಲ್ಲಿ ಮಲಗಿದೆ.

ಉಸಿರು ಬರಲಿಲ್ಲ. ಪೈಪಿನ ಮೇಲುತುದಿ ಗಾಳಿಯಲ್ಲೇ ಇದೆ, ಎಲ್ಲೂ ಲೀಕಿಲ್ಲ, ಆದರೂ ಬರಲಿಲ್ಲ. ಎದೆಯ ಮೇಲೆ ಯಾರೋ ಪಾರ್ಚ್‌ಮೆಂಟ್ ಕಾಫಿಯ ಮೂಟೆ ಹೇರಿದ ಹಾಗೆ. ಒದ್ದಾಡಿಕೊಂಡು ಮೇಲೆದ್ದೆ. ನೀರು ಎದೆಯನ್ನು ಅಮುಕುವಾಗ ಅಷ್ಟು ಕೆಳಗಿನಿಂದ ಗಾಳಿ ಎಳೆಯುವ ಶಕ್ತಿ ಮನುಷ್ಯನಿಗಿಲ್ಲ, ಹಾಗೆ ಮಾಡುವುದು ಅಪಾಯ ಎಂದು ಆಮೇಲೆ ತಿಳಿಯಿತು. ದಯವಿಟ್ಟು ಯಾರೂ ಮಾಡಬೇಡಿ.

ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದ ನನ್ನ ಹೆಂಡತಿ ಟವೆಲ್ ಕೊಡುತ್ತಾ ಹೇಳಿದಳು: "ರೀ, ಬಂದವರಿಗೆಲ್ಲ ಇಷ್ಟು ಅಡಿ ಆಳಕ್ಕೆ ಇಷ್ಟು ಎಚ್‌ಪಿ ಪಂಪು ಬೇಕು ಅಂತ ಪಾಠ ಹೇಳ್ತೀರಲ್ಲ. ನಿಮ್ಮ ಎದೆ ಎಷ್ಟು ಎಚ್‌ಪಿ ಅಂತ ಯಾವತ್ತಾದ್ರೂ ನೋಡಿದ್ರಾ?"

ಅತ್ತೆಯದು ಬೇರೆ ಕತೆ. ಪೈಪಿಗೆ ನೀರು ನುಗ್ಗಿದರೆ ಒಮ್ಮೆಲೇ ಜೋರಾಗಿ ಊದಿ ಹೊರಹಾಕಬೇಕು. ಅವರಿಗೆ ಅದನ್ನು ಕಲಿಸಬೇಕಾಗಲೇ ಇಲ್ಲ. ಹಸಿ ಸೌದೆಯ ಒಲೆಯನ್ನು ಊದುಕೊಳವೆಯಲ್ಲಿ ಊದಿದ ಎದೆ ಅದು. ಒಂದೇ ಉಸಿರಿಗೆ ನೀರು ಚಿಮ್ಮಿ ನನ್ನ ಹೆಂಡತಿಯ ಸೀರೆ ಒದ್ದೆಯಾಯಿತು.

ಆಗ ಇನ್ನೊಂದು ಆಯಿತು. ಅದನ್ನು ಈಗಲೇ ಹೇಳಿಬಿಡಬೇಕು, ಮುಂದೆ ಬೇಕಾಗುತ್ತದೆ. ನಮ್ಮ ಕಡೆ ತೋಟದಲ್ಲಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗುವುದು ಕಡಿಮೆ. "ಕೂ..." ಎಂದು ಉದ್ದಕ್ಕೆ ಕೂ ಹಾಕುತ್ತೇವೆ. ಮರಗಳ ಮಧ್ಯೆ ಹೆಸರು ಕಳೆದುಹೋಗುತ್ತದೆ, ಕೂ ಕಳೆದುಹೋಗುವುದಿಲ್ಲ. ಕೇಳಿಸಿದವರು ಯಾರೇ ಆಗಿರಲಿ, ತಿರುಗಿ ಕೂ ಎನ್ನಲೇಬೇಕು. ಅನ್ನದಿದ್ದರೆ ಏನೋ ಆಗಿದೆ ಎಂದು ಹುಡುಕಿಕೊಂಡು ಬರುತ್ತಾರೆ.

ಅತ್ತೆಗೆ ತೊಟ್ಟಿಯೊಳಗಿದ್ದಾಗ ಕಾಫಿ ಬೇಕೆನಿಸಿತು. ಬಾಯಲ್ಲಿ ಪೈಪು ಇರುವುದು ಮರೆತು ಅಭ್ಯಾಸಬಲದಿಂದ ಕೂ ಹಾಕಿದರು. ಪೈಪಿನ ತುದಿಯಿಂದ ಅದು ಶಂಖ ಊದಿದ ಹಾಗೆ ಹೊರಟಿತು. ತೋಟದ ಆ ತುದಿಯಿಂದ ಮೇಸ್ತ್ರಿ ಕೂ ಅಂದರು. ಅವರ ಹಿಂದೆ ಗಿಡ ಕಸಿ ಮಾಡುತ್ತಿದ್ದ, ಎಂದರೆ ಬೇಡದ ರೆಂಬೆ ಸವರುತ್ತಿದ್ದ ಆಳುಗಳು ಅಂದರು. ರಸ್ತೆಯಲ್ಲಿ ಹೋಗುತ್ತಿದ್ದ ಜೀಪಿನವನೊಬ್ಬ ನಿಲ್ಲಿಸಿ, ಅವನೂ ಅಂದ.

ಅತ್ತೆ ಪೈಪು ತೆಗೆದು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಮೀನು ಕಾಣದಿದ್ರೂ ದುಡ್ಡಿಗೆ ಮೋಸ ಇಲ್ಲ" ಅಂದರು.

೩. ಒಣ ಉಪ್ಪು

ಇಂಬಳ ಎಂದರೆ ಜಿಗಣೆ. ಮಳೆಗಾಲದಲ್ಲಿ ನಮ್ಮ ತೋಟಗಳಲ್ಲಿ ಮನುಷ್ಯರಿಗಿಂತ ಹೆಚ್ಚು ಓಡಾಡುವುದು ಅವೇ. ಅದಕ್ಕೆ ಮದ್ದು ಉಪ್ಪು. ಉಪ್ಪಿಗೆ ಚೂರು ನಶ್ಯ ಬೆರೆಸಿ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟುಕೊಂಡಿರುತ್ತಾರೆ. ಇಂಬಳ ಕಾಲಿಗೆ ಹತ್ತಿದರೆ ಗಂಟನ್ನು ಒಂದು ಸಲ ಒತ್ತಿದರೆ ಸಾಕು, ಸುರುಟಿಕೊಂಡು ಬೀಳುತ್ತದೆ.

ಅತ್ತೆ ಆ ಗಂಟನ್ನು ಕೈಚೀಲದಲ್ಲಿ ಇಟ್ಟುಕೊಂಡು ಹೊರಟರು. ಹವಳ ನೋಡುವ ಕನ್ನಡಕ, ಪೈಪು ಎರಡನ್ನೂ ನಾವು ತೊಟ್ಟಿಯ ಕಟ್ಟೆಯ ಮೇಲೇ ಮರೆತು ಬಂದಿದ್ದೆವು. ಗಂಟು ಮಾತ್ರ ಮರೆತಿರಲಿಲ್ಲ.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಚೀಲ ನಿಂತಿತು. ಅಲ್ಲಿದ್ದ ಹೆಣ್ಣುಮಗಳು ಗಂಟು ಬಿಚ್ಚಿ ಮೂಸಿದಳು. ನಶ್ಯವಿದೆ ಎಂದು ನಾನು ಹೇಳುವುದರೊಳಗೆ ಮೂಸಿಯಾಗಿತ್ತು. ಸೀನು ನಿಂತ ಮೇಲೆ ಕಣ್ಣೊರೆಸಿಕೊಂಡು ಕೇಳಿದಳು:

"ಏನಮ್ಮಾ ಇದು?"

"ಉಪ್ಪು ಕಣಮ್ಮ. ಇಂಬಳಕ್ಕೆ."

"ಎಲ್ಲಿಗೆ ಹೋಗ್ತಿದ್ದೀರಾ?"

"ಸಮುದ್ರಕ್ಕೆ."

ಆಕೆ ಗಂಟನ್ನು ಮತ್ತೆ ಕಟ್ಟಿ ಕೊಡುತ್ತಾ ಕೇಳಿದಳು: "ಸಮುದ್ರಕ್ಕೆ ಉಪ್ಪು ತಗೊಂಡು ಹೋಗ್ತಿದ್ದೀರಾ?"

"ಹೂಂ ಮತ್ತೆ. ಅಲ್ಲಿಂದು ಒದ್ದೆ ಆಗಿರುತ್ತಲ್ಲ!"

೪. ಎಂಜಲು

ದ್ವೀಪದ ಹೆಸರು ಹೇಳುವುದಿಲ್ಲ, ತಪ್ಪಾಗಿ ಬರೆದರೆ ಕಷ್ಟ. ದಡದಿಂದಲೇ ನಡೆದುಕೊಂಡು ನೀರಿಗಿಳಿದರೆ ಹವಳ ಸಿಗುವಂಥ ಕಡಲತೀರ ಅದು, ದೋಣಿ ಬೇಕಾಗಿಲ್ಲ. ನಮಗೆ ಸಿಕ್ಕ ಗೈಡು ಉಡುಪಿ ಕಡೆಯವರು, ನಡುವಯಸ್ಸಿನವರು. ಕನ್ನಡ ಕೇಳಿ ಅವರಿಗೂ ಖುಷಿಯಾಯಿತು. ಆದರೆ ನಿಯಮದಲ್ಲಿ ಬಿಗಿ.

"ನೋಡಿ ಮಾರಾಯ್ರೇ, ನೀರಲ್ಲಿ ಮುಖ ಇಟ್ಟು ಸಮಾಧಾನದಲ್ಲಿ ಉಸಿರಾಡಿದವರನ್ನು ಮಾತ್ರ ಕರ್ಕೊಂಡು ಹೋಗೋದು. ಅದೂ ನೀರು ತುಂಬಿರುವಷ್ಟು ಹೊತ್ತು ಮಾತ್ರ. ನೀರು ಇಳಿದರೆ ಹವಳ ಹೊಟ್ಟೆಗೆ ತಾಗ್ತದೆ. ನಿಮಗೂ ಪೆಟ್ಟು, ಅದಕ್ಕೂ ಪೆಟ್ಟು. ಆಮೇಲೆ ಯಾರು ಅತ್ತರೂ ನಾನು ಬಿಡೋದಿಲ್ಲ."

ನಮಗಿದ್ದದ್ದು ಅದೊಂದೇ ಬೆಳಿಗ್ಗೆ. ಮಾರನೇ ದಿನ ವಾಪಸ್ ವಿಮಾನ.

ಗಾಜಿಗೆ ಹಬೆ ಹಿಡಿದರೆ ಏನೂ ಕಾಣುವುದಿಲ್ಲ. ಅದಕ್ಕೆ ಉಪಾಯವೆಂದು ಗೈಡು ಕನ್ನಡಕದ ಒಳಗೆ ಥೂ ಎಂದು ಉಗಿದು ಬೆರಳಲ್ಲಿ ಉಜ್ಜಿ ತೋರಿಸಿದರು. "ಹೀಗೆ. ಎಲ್ಲರೂ ಇದನ್ನೇ ಮಾಡೋದು."

ಅತ್ತೆ ತಮಗೆ ಕೊಟ್ಟಿದ್ದ ಬಾಡಿಗೆ ಕನ್ನಡಕವನ್ನು ಸ್ವಲ್ಪ ದೂರ ಹಿಡಿದುಕೊಂಡರು. "ಎಲ್ಲರೂ?"

"ಎಲ್ಲರೂ ಅಮ್ಮ."

"ನನಗಿಂತ ಮುಂಚೆ ಇದರೊಳಗೆ ಎಷ್ಟು ಜನ ಉಗಿದಿದ್ದಾರೆ?"

ಗೈಡು ಪ್ರಾಮಾಣಿಕರು. "ಲೆಕ್ಕ ಇಟ್ಟವರಿಲ್ಲ ಮಾರಾಯ್ರೇ."

ಎಂಜಲು ಕಣ್ಣಿಗೆ ಹಚ್ಚಿಕೊಂಡು ಹವಳ ನೋಡುವುದು ಬೇಡವೇ ಬೇಡ ಎಂದು ಅತ್ತೆ ಪಟ್ಟಾಗಿ ಕೂತರು. ಆ ಕಡೆ ನೀರು ಇಳಿಯುವ ಹೊತ್ತು ಹತ್ತಿರವಾಗುತ್ತಿದೆ. ನಾನು ಇಬ್ಬರಿಗೂ ಕೈಮುಗಿಯುತ್ತಾ ಓಡಾಡುತ್ತಿರುವಾಗ ಅತ್ತೆಯ ಕಣ್ಣು ರೆಸಾರ್ಟಿನ ಬೇಲಿಯ ಮೇಲೆ ಬಿತ್ತು. ದಾಸವಾಳ! ಎದ್ದು ಹೋಗಿ ನಾಲ್ಕೆಲೆ ಕಿತ್ತು, ನೀರು ಹಾಕಿ ಅಂಗೈಯಲ್ಲಿ ತಿಕ್ಕಿದರು. ಹಸಿರು ಲೋಳೆ ಬಂತು. ಎಣ್ಣೆಸ್ನಾನದ ದಿನ ಜಿಡ್ಡು ಹೋಗಲೆಂದು ತಲೆಗೆ ಹಚ್ಚುವ ಗೊಂಪು ಅದು. ಕನ್ನಡಕವನ್ನು ಮೂರು ಸಲ ತೊಳೆದು, ಗೊಂಪು ಹಚ್ಚಿ, ಮತ್ತೆ ತೊಳೆದು ಹಾಕಿಕೊಂಡರು. ಗಾಜು ನಿರ್ಮಲವಾಗಿ ನಿಂತಿತು.

ಗೈಡು ಅದನ್ನು ತಾವೂ ಹಾಕಿಕೊಂಡು ನೋಡಿ, "ಒಳ್ಳೆಯದುಂಟಲ್ಲ! ಇಷ್ಟು ವರ್ಷ ನಾವು ಸುಮ್ಮನೆ ಉಗಿದದ್ದು" ಅಂದರು.

"ಇದನ್ನ ತಲೆಗೂ ಹಚ್ಕೋಬಹುದು" ಎಂದರು ಅತ್ತೆ. "ನಿಮ್ಮದನ್ನ ಹಚ್ಕೋತೀರಾ?"

೫. ವಾಷರ್

ಇದು ನನ್ನದು, ಚಿಕ್ಕದು.

ನನಗೆ ಮೀಸೆಯಿದೆ. ಸುಮಾರಾಗಿಯೇ ಇದೆ. ಕನ್ನಡಕದ ರಬ್ಬರು ಮೇಲ್ದುಟಿಗೆ ಅಂಟಿ ಕೂರಬೇಕಾದ ಜಾಗದಲ್ಲಿ ಮೀಸೆಯಿದ್ದರೆ ಅಲ್ಲಿಂದ ನೀರು ಒಳಗೆ ಬರುತ್ತದೆ. ಬಂತು. ಮೂಗಿನ ತುಂಬ ಸಮುದ್ರ. ಮತ್ತೆ ಹಾಕಿದೆ, ಮತ್ತೆ ಬಂತು. ಗೈಡು ವ್ಯಾಸಲೀನ್ ಕೊಟ್ಟರು. ಮೀಸೆ ಮಿಂಚಿತೇ ಹೊರತು ನೀರು ನಿಲ್ಲಲಿಲ್ಲ.

ಹೆಂಡತಿ ದಡದಲ್ಲೇ ಇದ್ದಳು. ನೀರಿಗೆ ಬಾ ಎಂದರೆ, "ಒಬ್ಬರಾದ್ರೂ ಊರಿಗೆ ವಾಪಸ್ ಹೋಗಿ ಸುದ್ದಿ ಹೇಳ್ಬೇಕಲ್ಲ" ಅಂದಿದ್ದಳು. ಅಲ್ಲಿಂದಲೇ ಫೋನಿನಲ್ಲಿ ವಿಡಿಯೋ ಹಿಡಿಯುತ್ತಾ ಕೂಗಿದಳು:

"ರೀ, ಅಂಗಡಿಯಲ್ಲಿ ಹೇಳ್ತೀರಲ್ಲ, ವಾಷರ್ ಕೂರಿಸೋ ಮೊದಲು ಕಸ ತೆಗೀರಿ ಅಂತ!"

೬. ಬೆನ್ನು ತೋರಿಸಬಾರದು

ಕಾಲಿಗೆ ಬಾತುಕೋಳಿ ಪಾದದಂಥ ಉದ್ದನೆಯ ರಬ್ಬರು ಕಟ್ಟುತ್ತಾರೆ. ಅದನ್ನು ಕಟ್ಟಿಕೊಂಡು ಮುಂದಕ್ಕೆ ನಡೆದರೆ ಮುಗ್ಗರಿಸುತ್ತೇವೆ. ಹಾಗಾಗಿ ದಡದಿಂದ ಸಮುದ್ರಕ್ಕೆ ಇಳಿಯುವವರು ಹಿಮ್ಮುಖವಾಗಿ, ಪಾದ ಎಳೆದುಕೊಂಡು ಇಳಿಯಬೇಕು.

ಅವತ್ತು ನಮ್ಮ ಜೊತೆ ಇಳಿಯುತ್ತಿದ್ದವರು ಬಹಳ ಜನ. ಜಿಮ್ಮಿಗೆ ಹೋಗಿ ತೋಳು ಬೆಳೆಸಿದ ಗಟ್ಟಿ ಗಟ್ಟಿ ಗಂಡಸರೆಲ್ಲ ಎರಡು ಹೆಜ್ಜೆಗೊಬ್ಬರಂತೆ ಕೂತುಬಿಡುತ್ತಿದ್ದರು. ನಾನು ಒಂದೇ ಹೆಜ್ಜೆಗೆ ಕೂತೆ.

ಅತ್ತೆ ಸೀರೆಯನ್ನು ಎತ್ತಿ ಕಟ್ಟಿ, ಕಾಫಿ ಕೊಯ್ಯುವಾಗ ಸೀರೆಯ ಮೇಲೆ ಹಾಕುವ ಮಾವನವರ ಹಳೇ ತುಂಬುತೋಳಿನ ಶರ್ಟು ತೊಟ್ಟಿದ್ದರು. ಅದರ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು. ಅವರು ದಡದ ಕಡೆ ಮುಖ ಮಾಡಿ ನಿಂತು, ಎರಡೂ ಕೈ ಜೋಡಿಸಿ, ಸ್ವಲ್ಪ ತಲೆ ಬಾಗಿಸಿ, ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದರು. ಎಡವಲಿಲ್ಲ, ತೂಗಲಿಲ್ಲ. ಅಲೆ ಬಂದಾಗ ನಿಂತರು, ಹೋದ ಮೇಲೆ ಸರಿದರು. ಸೊಂಟದ ಮಟ್ಟ ನೀರಿಗೆ ನೆಟ್ಟಗೆ ಹೋಗಿ ನಿಂತರು.

ಗೈಡು ಬೆರಗಾದರು. "ಅಮ್ಮ, ಎಲ್ಲಿ ಕಲ್ತದ್ದು ನೀವು?"

"ಕಲಿಯೋದೇನು? ನಮ್ಮ ಕಡೆ ದೇವರಮನೆ ಬೆಟ್ಟದ ಗುಡಿಯಿಂದ ಬರುವಾಗ ದೇವರಿಗೆ ಬೆನ್ನು ತೋರಿಸ್ತೀವಾ? ಹೀಗೇ ಅಲ್ವಾ ಹಿಂದೆ ಹಿಂದೆ ಬರೋದು."

ಆಮೇಲೆ ನೀರಲ್ಲಿ ಕೂತಿದ್ದ ನನ್ನನ್ನು ನೋಡಿ, "ಅಳಿಯಂದಿರು ಗುಡಿಗೆ ಹೋಗೋದು ಕಮ್ಮಿ" ಅಂದರು.

೭. ಮುಂದೆ ಹೋಗುವವರು

ಈಗ ಮುಖ್ಯವಾದದ್ದು. ಇದನ್ನು ಸರಿಯಾಗಿ ಹೇಳದಿದ್ದರೆ ಉಳಿದದ್ದೆಲ್ಲ ಹೇಳಿಯೂ ಪ್ರಯೋಜನವಿಲ್ಲ.

ದಡದಿಂದ ಸ್ವಲ್ಪ ದೂರ ಬರೀ ಮರಳು. ಆ ಮರಳನ್ನು ದಾಟಿದರೆ ಹವಳ. ಗೈಡು ಒಂದು ರಬ್ಬರಿನ ತೇಲುಬಳೆ ಎಳೆದುಕೊಂಡು ಮುಂದೆ, ಅದನ್ನು ಹಿಡಿದುಕೊಂಡು ಅತ್ತೆ, ಅದರ ಹಗ್ಗ ಹಿಡಿದುಕೊಂಡು ಹಿಂದೆ ನಾನು. ನಾನು ಮುಖವನ್ನು ಮೇಲೇ ಇಟ್ಟುಕೊಂಡಿದ್ದೆ, ಕಾರಣ ಹೇಳಿಯಾಗಿದೆ. ಅತ್ತೆ ಮುಖ ಮುಳುಗಿಸಿದರು. ಪೈಪಿನಿಂದ ಬುಸ್, ಬುಸ್ ಎಂದು ಹದವಾಗಿ ಉಸಿರು ಬರುತ್ತಿತ್ತು. ಗೈಡು ನನಗೆ ಹೆಬ್ಬೆರಳಿಗೆ ತೋರುಬೆರಳು ಸೇರಿಸಿ ಸರಿಯಿದೆ ಎಂದು ಸನ್ನೆ ಮಾಡಿದರು. ಊರಿಗೆ ಕೊಟ್ಟ ಮಾತು ಉಳಿಯಿತು ಎಂದುಕೊಂಡೆ.

ಅಷ್ಟರಲ್ಲಿ ಪೈಪಿನಿಂದ ಹೊರಟಿತು.

"ಕೂ....!"

ಇಡೀ ಕಡಲತೀರ ತಿರುಗಿ ನೋಡಿತು. ದಡದಿಂದ ನನ್ನ ಹೆಂಡತಿ ಫೋನ್ ಹಿಡಿದುಕೊಂಡೇ "ಕೂ..." ಅಂದಳು. ನನಗೂ ಬಾಯಿ ತಡೆಯಲಾಗಲಿಲ್ಲ, ಅಂದೆ. ಇದರ ಮೇಲೆ, ನಿಮಗೆ ನಂಬಿಕೆ ಬರುವುದಿಲ್ಲ, ತೆಂಗಿನ ಮರಗಳ ಆ ಕಡೆಯಿಂದ ಯಾರೋ ಗಂಡಸು "ಕೂ..." ಅಂದರು! ಅಂದವರೇ ಎಳನೀರು ಕೈಯಲ್ಲಿ ಹಿಡಿದುಕೊಂಡು ಹಾಗೇ ನೀರಿಗಿಳಿದು ಓಡಿ ಬಂದರು.

"ಯಾರ್ರೀ ಕೂ ಹಾಕಿದ್ದು? ಏನಾಯ್ತು? ನಾವೂ ಮಲೆನಾಡವ್ರೇ, ಕಳಸದವ್ರು!"

ಅತ್ತೆ ಸೊಂಟದ ಮಟ್ಟ ನೀರಿನಲ್ಲಿ ಎದ್ದು ನಿಂತಿದ್ದರು. ಕೆಳಗೆ ಕೈ ತೋರಿಸಿದರು. ತಿಳಿನೀರಿನ ತಳದಲ್ಲಿ, ಮರಳಿನ ಮೇಲೆ ಅದು ಮಲಗಿತ್ತು. ಕಪ್ಪಗೆ, ನುಣ್ಣಗೆ, ಮೊಳದುದ್ದ. ನನ್ನ ತೋಳಿನಷ್ಟು ದಪ್ಪ. ಎರಡೂ ತುದಿ ಸಣ್ಣ, ನಡುವೆ ಉಬ್ಬು. ಮೆಲ್ಲಗೆ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು.

"ಇಂಬಳ!" ಅಂದರು ಅತ್ತೆ.

ಕಳಸದವರು ಬಗ್ಗಿ ನೋಡಿ ಎಳನೀರು ಕೈಬಿಟ್ಟರು. "ಅಯ್ಯೋ ಮಾರಾಯ! ಇದು ಕುಡಿದ್ರೆ ಮನುಷ್ಯನಲ್ಲಿ ಏನು ಉಳಿಯುತ್ತೆ?"

"ಉಪ್ಪು!" ಎನ್ನುತ್ತಾ ಅತ್ತೆ ಸೊಂಟಕ್ಕೆ ಕೈ ಹಾಕಿದರು. ಅಲ್ಲಿ ಸಿಕ್ಕಿಸಿಕೊಂಡಿದ್ದ ಗಂಟು ಹೊರಬಂತು. ಬರೀ ಒದ್ದೆ ಬಟ್ಟೆ. ಉಪ್ಪು ಯಾವಾಗಲೋ ಸಮುದ್ರ ಸೇರಿತ್ತು.

ಗೈಡಿಗೆ ನಗು ತಡೆಯಲಾಗುತ್ತಿರಲಿಲ್ಲ. "ಅಮ್ಮ, ಅದು ಇಂಬಳ ಅಲ್ಲ. ಸಮುದ್ರ ಸೌತೆ ಅಂತ. ಮರಳು ತಿಂದು ಬದುಕುವ ಪಾಪದ ಜೀವ, ಕಚ್ಚೋದೇ ಇಲ್ಲ. ನೀವೇ ಯೋಚನೆ ಮಾಡಿ, ಉಪ್ಪು ನೀರಲ್ಲೇ ಹುಟ್ಟಿದ್ದಕ್ಕೆ ನಿಮ್ಮ ಉಪ್ಪು ಏನು ಮಾಡ್ತದೆ?"

ಅವರು ಸಮಾಧಾನಕ್ಕೆ ಹೇಳಿದ್ದು. ಆದರೆ ಅತ್ತೆಯ ಮುಖ ಇನ್ನೂ ಬಿಳಿಚಿಕೊಂಡಿತು. "ಅದೇ ನಾನೂ ಯೋಚನೆ ಮಾಡ್ತಿರೋದು. ಉಪ್ಪಿಗೇ ಜಗ್ಗದ ಇಂಬಳ!"

"ಮುಟ್ಟಬೇಡಿ ಮತ್ತೆ. ಇದನ್ನು ಹಿಡಿದರೆ, ಕೊಂದರೆ ಜೈಲು. ಕಾನೂನುಂಟು."

ಕಳಸದವರು ದಂಗಾದರು. ಅತ್ತೆಯೂ ಒಂದು ಕ್ಷಣ ಭಯ ಮರೆತರು. "ನಮ್ಮ ಕಡೆ ಇಂಬಳಕ್ಕೂ ಈ ಕಾನೂನು ಬಂದ್ರೆ, ಮಳೆಗಾಲ ಪೂರ್ತಿ ಮೂಡಿಗೆರೆ ತಾಲ್ಲೂಕೇ ಜೈಲಲ್ಲಿರುತ್ತೆ."

ನಕ್ಕೆವು. ಆದರೆ ಅತ್ತೆ ದಡದ ಕಡೆ ತಿರುಗಿದ್ದರು. "ಸಾಕು ನಡೀರಿ" ಅಂದರು. ಗೈಡು ನೀರು ನೋಡಿ, "ಹೌದು, ಇಳೀಲಿಕ್ಕೆ ಶುರುವಾಗಿದೆ. ಹೋಗುವುದಾದರೆ ಈಗಲೇ ಹೋಗ್ಬೇಕು, ಇಲ್ಲದಿದ್ದರೆ ಇಲ್ಲ" ಅಂದರು. ಹವಳ ಅಲ್ಲೇ ಇತ್ತು, ಸ್ಪ್ರಿಂಕ್ಲರಿನ ನೀರು ಹಾರುವಷ್ಟು ದೂರ. ಅಷ್ಟು ದೂರ ಬಂದು ಊರಿಗೆ ಹೋಗಿ ಏನು ಹೇಳುವುದು? ಬಣ್ಣ ನೋಡಲಿಲ್ಲ, ಇಂಬಳ ನೋಡಿ ಬಂದೆವು ಎಂದು ಹೇಳುವುದೇ?

"ಅತ್ತೆ, ನೀವು ಹೆದರಬೇಡಿ. ನಾನು ಮುಂದೆ ಹೋಗ್ತೀನಿ, ನೀವು ನನ್ನ ಹಿಂದೆ ಬನ್ನಿ" ಅಂದೆ. ಒಳ್ಳೆಯ ಮನಸ್ಸಿನಿಂದಲೇ ಅಂದೆ.

ಅತ್ತೆ ಗಕ್ಕನೆ ತಿರುಗಿದರು. "ನಿಮ್ಮ ಹಿಂದೆ? ಎಷ್ಟು ಬುದ್ಧಿವಂತರು!"

ಇದನ್ನು ಬಯಲುಸೀಮೆಯವರಿಗೆ ಬಿಡಿಸಿ ಹೇಳಬೇಕು. ಕಾಡುದಾರಿಯಲ್ಲಿ ಸಾಲಾಗಿ ನಡೆಯುವಾಗ ಮುಂದೆ ಹೋಗುವವರಿಗೆ ಇಂಬಳ ಹತ್ತುವುದಿಲ್ಲ. ಅವರ ಹೆಜ್ಜೆಯ ಸದ್ದಿಗೆ ಇಂಬಳ ಎಚ್ಚರಾಗಿ ಎದ್ದು ನಿಲ್ಲುತ್ತದೆ. ಎದ್ದು ನಿಂತ ಮೇಲೆ ಸಿಗುವುದು ಹಿಂದೆ ಬಂದವರ ಕಾಲು. ನಮ್ಮ ಕಡೆ ಮಕ್ಕಳಿಗೂ ಇದು ಗೊತ್ತು.

"ನಾನೇ ಮುಂದೆ, ನಡೀರಿ" ಎಂದರು ಅತ್ತೆ. ಪೈಪು ಕಚ್ಚಿದರು. ತೇಲುಬಳೆಯನ್ನು ಗೈಡಿನ ಕೈಯಿಂದ ಕಿತ್ತುಕೊಂಡು, ಅದರ ಮುಂದಿನ ತುದಿ ಹಿಡಿದು, ರಬ್ಬರಿನ ಪಾದವನ್ನು ಪಟಪಟನೆ ಬಡಿಯುತ್ತಾ ಸಮುದ್ರ ಸೌತೆಯ ಮೇಲಿನಿಂದಲೇ ಹಾದು ಹವಳದ ಕಡೆ ಹೊರಟುಬಿಟ್ಟರು. ಗೈಡು "ಅಮ್ಮಾ, ಮೆಲ್ಲಗೆ, ಮೆಲ್ಲಗೆ" ಎನ್ನುತ್ತಾ ಪಕ್ಕದಲ್ಲಿ ಓಡಿದರು. ಟಿಕೆಟ್ಟೇ ತೆಗೆದುಕೊಳ್ಳದ ಕಳಸದವರು, ಹಿಂದೆ ಉಳಿದರೆ ಕೆಟ್ಟೆ ಎಂದು ಎರಡನೆಯವರಾಗಿ ನುಗ್ಗಲು ನೋಡಿ, ಜೊತೆಗೆ ಹನಿಮೂನಿಗೆ ಬಂದಿದ್ದ ಹೊಸ ಹೆಂಡತಿ ದಡದಿಂದ ಕೂಗಿದ್ದರಿಂದ ನಿಂತರು. ಎಲ್ಲರಿಗಿಂತ ಹಿಂದೆ ಉಳಿದವನು ನಾನು.

ಹಗ್ಗ ಬಿಗಿದು ನಿಂತಿತು. ನೋಡಿದರೆ ಅತ್ತೆ ಹವಳದ ಮೇಲೆ ಬೋರಲು ತೇಲುತ್ತಿದ್ದಾರೆ. ಪಾದ ಅಲ್ಲಾಡುತ್ತಿಲ್ಲ. ಪೈಪಿನಿಂದ ಬುಸ್ ಎಂಬ ಉಸಿರು ಬಿಟ್ಟರೆ ಬೇರೆ ಸದ್ದಿಲ್ಲ. ಕೂ ಇಲ್ಲ, ಏನೂ ಇಲ್ಲ. ಮಾವನವರ ಶರ್ಟಿನ ತೋಳು ನೀರಿನಲ್ಲಿ ಮೆಲ್ಲಗೆ ಆಡುತ್ತಿತ್ತು. ಅತ್ತೆ ಅಷ್ಟು ಹೊತ್ತು ಮಾತಿಲ್ಲದೆ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇನ್ನು ಸಾಕು ಎಂದು ಗೈಡು ಹೆಗಲು ತಟ್ಟಿ ಎಬ್ಬಿಸಿದಾಗ ಪೈಪು ತೆಗೆದು ನನ್ನ ಕಡೆ ನೋಡಿದರು.

"ಬಣ್ಣ ಹಾಕಿಲ್ಲ ಕಣ್ರೀ" ಅಂದರು. ಅಷ್ಟೇ.

ಅವರ ಕನ್ನಡಕದೊಳಗೆ ನೀರಿತ್ತು. ಅವರಿಗೆ ಮೀಸೆಯಿಲ್ಲ, ವಾಷರ್ ಸರಿಯಾಗೇ ಕೂತಿತ್ತು.

ಊರಿಗೆ ಬಂದ ಮೇಲೆ ಅತ್ತೆ ಮನೆ ಮನೆಗೆ ಹೋಗಿ ಹೇಳಿದರು. ನೇರಳೆ ಹವಳ, ಅರಿಶಿನ ಮೀನು, ನೀಲಿ ತುಟಿಯ ಚಿಪ್ಪು. ಪಕ್ಕದ ಮನೆಯ ಅಕ್ಕ ಎಲ್ಲ ಕೇಳಿ, "ನೀವು ಹೇಳಿದ ಮೇಲೆ ಇರಬಹುದು ಬಿಡಿ" ಅಂದರಂತೆ. ಅದೇ ಮೊಳದುದ್ದದ ಇಂಬಳ ಎಂದ ಕೂಡಲೇ ವಸ್ತಾರೆಯಲ್ಲಿ ಒಬ್ಬರೂ ಅನುಮಾನ ಪಡಲಿಲ್ಲ. "ನಮ್ಮಲ್ಲೇ ಇಷ್ಟಿರುವಾಗ ಸಮುದ್ರದಲ್ಲಿ ಅಷ್ಟಿರದೆ ಇರುತ್ತಾ?"

ನನ್ನನ್ನೂ ಕೇಳುತ್ತಾರೆ, ಹವಳ ಹೇಗಿತ್ತು ಎಂದು. ಏನು ಹೇಳಲಿ? ನಾನು ಎಲ್ಲರಿಗಿಂತ ಹಿಂದಿದ್ದೆನಲ್ಲ. ಮೂಗಿಗೆ ನೀರು ನುಗ್ಗಿದರೂ ಮುಖ ಮುಳುಗಿಸಿದ್ದೇನೋ ಹೌದು, ಆದರೆ ಮುಳುಗಿಸಿದಾಗಲೆಲ್ಲ ಆ ಇಂಬಳ ಎದ್ದು ನಿಲ್ಲುತ್ತದೋ ಏನೋ ಎಂದು ಅದನ್ನೇ ನೋಡುತ್ತಿದ್ದೆ. ಅಷ್ಟು ದೂರ ಹೋಗಿ ನಾನು ನೋಡಿ ಬಂದದ್ದು ಇಂಬಳ ಒಂದೇ.

ಅದು ಇಂಬಳವಲ್ಲ, ನನಗೂ ಈಗ ಗೊತ್ತು. ಓದಿ ತಿಳಿದುಕೊಂಡಿದ್ದೇನೆ. ಓದುವವರಿಗೆ ತಪ್ಪು ಅಭಿಪ್ರಾಯ ಬರಬಾರದು, ಅದಕ್ಕೇ ಇದೊಂದನ್ನು ವಿವರವಾಗಿ ಹೇಳಿ ಮುಗಿಸುತ್ತೇನೆ. ಸಮುದ್ರ ಸೌತೆ ಎಂದರೆ ಏನಪ್ಪಾ ಅಂದರೆ, ಅದಕ್ಕೆ ಕಣ್ಣಿಲ್ಲ, ಹಲ್ಲಿಲ್ಲ, ಒಂದು ತುದಿಯಿಂದ ಮರಳು ತಿಂದು, ಅದರೊಳಗಿನ ಕಸವನ್ನೆಲ್ಲ ಹೀರಿಕೊಂಡು, ಇನ್ನೊಂದು ತುದಿಯಿಂದ ಶುದ್ಧವಾದ ಮರಳನ್ನು, ನಮ್ಮ ಅಂಗಡಿಯಲ್ಲಿ ಸಿಗುವ ಫಿಲ್ಟರ್ ಇದೆಯಲ್ಲ, ಹೆಚ್ಚು ಕಡಿಮೆ ಅದರ ಹಾಗೆಯೇ, ಒಂದು ಕಡೆಯಿಂದ

ಅತ್ತೆ ಕೂ ಹಾಕುತ್ತಿದ್ದಾರೆ. ನಾನು ಅವರ ಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ, ಕೂ ಬಂದದ್ದು ತೋಟದ ಕೆಳಗಿನ ಪಂಪಿನ ಮನೆಯಿಂದ, ಅದೂ ತೊಟ್ಟಿಯ ಕಟ್ಟೆಯ ಮೇಲೆ ಮರೆತಿದ್ದ ಆ ಪೈಪಿನಲ್ಲಿ. ಈಗ ಎಲ್ಲಿಗೆ ಹೋದರೂ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೋಗುತ್ತಾರೆ. ಮೇಸ್ತ್ರಿ ಆಗಲೇ ಅಂದಾಯಿತು, ಆಳುಗಳೂ ಅಂದಾಯಿತು, ನಾನೊಬ್ಬನೇ ಬಾಕಿ. ಒಂದು ನಿಮಿಷ.

ಕೂ...